ಖಡಕ್ ರೊಟ್ಟಿ ರೊಟ್ಟಿಯಲ್ಲವಂತೆ

ತೆರಿಗೆ ಕಚೇರಿಯ ನೋಟಿಸು ಇಂಗ್ಲಿಷಿನಲ್ಲಿತ್ತು. ನಮ್ಮ ಆಡಿಟರು ಎರಡು ಸಲ ಓದಿ, ಕನ್ನಡಕ ತೆಗೆದಿಟ್ಟು, "ನೀವು ಮಾಡೋದು ರೊಟ್ಟಿ ಅಲ್ವಂತೆ ಮೇಡಂ, ಕುರುಕಲು ತಿಂಡಿಯಂತೆ" ಎಂದರು. ರೊಟ್ಟಿ, ಚಪಾತಿಗೆ ತೆರಿಗೆಯಿಲ್ಲ. ಕುರುಕಲು ತಿಂಡಿಗೆ ಇದೆ. ಅಷ್ಟು ಕೇಳಿದ್ದೇ ನನ್ನ ಮೈಯೆಲ್ಲ ಉರಿದುಹೋಯಿತು.

ನಾನು ವಿಜಯಪುರದ ಕಡೆಯವಳು. ಗಂಡನಿಗೆ ಬೆಂಗಳೂರಿನ ಬೊಮ್ಮಸಂದ್ರದ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿದ್ದರಿಂದ ಇಲ್ಲಿಗೆ ಬಂದೆವು. ಬಾಡಿಗೆ ಕೋಣೆಗಳಲ್ಲಿ ನಾಲ್ಕು ನಾಲ್ಕು ಜನ ಇರುವ ನಮ್ಮ ಕಡೆಯ ಹುಡುಗರು ಊರಿಂದ ತಂದ ಖಡಕ್ ರೊಟ್ಟಿ ಮುಗಿದ ಮೇಲೆ ಬ್ರೆಡ್ಡು ತಿನ್ನುವುದನ್ನು ನೋಡಲಾರದೆ ಒಂದು ಹಂಚು, ಹಿಟ್ಟು ನಾದುವ ಒಂದು ಕೊಣಮಿಗೆಯಿಂದ ಶುರು ಮಾಡಿದ್ದು. ಜೋಳದ ರೊಟ್ಟಿಯನ್ನು ತೆಳ್ಳಗೆ ಬಡಿದು, ಬೇಯಿಸಿ, ಆಮೇಲೆ ಒಲೆಯ ಬಿಸಿಗೆ ಆನಿಸಿಟ್ಟು ಒಣಗಿಸಿದರೆ ಅದು ಖಡಕ್ ಆಗುತ್ತದೆ, ವಾರಗಟ್ಟಲೆ ಕೆಡುವುದಿಲ್ಲ. ಈಗ ಆರು ಜನ ಹೆಂಗಸರು ನಮ್ಮಲ್ಲಿ ರೊಟ್ಟಿ ಬಡಿಯುತ್ತಾರೆ. ಅರ್ಧಕ್ಕಿಂತ ಹೆಚ್ಚು ರೊಟ್ಟಿ ಹೋಗುವುದು ಒಂದೇ ಕಡೆಗೆ, ಒಂದು ಔಷಧಿ ಕಾರ್ಖಾನೆಯ ಕ್ಯಾಂಟೀನಿಗೆ.

ನೋಟಿಸಿನ ಸುದ್ದಿ ಕ್ಯಾಂಟೀನಿನ ಗುತ್ತಿಗೆದಾರರಿಗೂ ಮುಟ್ಟಿತು. "ನೋಡೀಮ್ಮಾ, ಟ್ಯಾಕ್ಸ್ ಸೇರಿಸಿ ಕೊಡೋಕೆ ನನ್ಗೆ ಆಗಲ್ಲ. ಚಪಾತಿ ಮಿಷಿನ್‌ನೋನು ದಿನಾ ಫೋನ್ ಮಾಡ್ತಾನೆ. ಈ ತಿಂಗಳಲ್ಲಿ ಬಗೆಹರಿಸ್ಕೊಳ್ಳಿ" ಎಂದರು. ಕ್ಯಾಂಟೀನು ಕೈಬಿಟ್ಟರೆ ಆರು ಜನರಲ್ಲಿ ಮೂವರನ್ನು ಕಳಿಸಬೇಕಾಗುತ್ತದೆ. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ತಪ್ಪು ನನ್ನದೂ ಇತ್ತು, ಮುಚ್ಚಿಡುವುದಿಲ್ಲ. ಅಪಾರ್ಟ್‌ಮೆಂಟಿನ ಅಂಗಡಿಗಳವರು ಇಂಗ್ಲಿಷ್ ಕವರ್ ಇಲ್ಲದಿದ್ದರೆ ಯಾರೂ ಮುಟ್ಟುವುದಿಲ್ಲ ಎಂದಿದ್ದರು. ಖಡಕ್ ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ಏನೆನ್ನಬೇಕೆಂದು ಪ್ರಿಂಟಿಂಗ್ ಪ್ರೆಸ್ಸಿನವನನ್ನು ಕೇಳಿದೆ. 'ಕ್ರಿಸ್ಪಿ' ಅಂದ. 'ಜೋವರ್ ಕ್ರಿಸ್ಪಿ' ಎಂದು ದೊಡ್ಡದಾಗಿ ಹಾಕಿದ ಮೇಲೆ ರೊಟ್ಟಿ ಅನ್ನುವುದಕ್ಕೆ ಜಾಗ ಉಳಿಯಲಿಲ್ಲ. ಇರಲಿ ಬಿಡು, ನೋಡಿದರೆ ಗೊತ್ತಾಗುವುದಿಲ್ಲವೇ ಎಂದುಕೊಂಡೆ. ಆ ಹೆಸರು ನೋಡಿ ಹಿಗ್ಗಿದ್ದೆ ಕೂಡ.

ವಿಚಾರಣೆಗೆ ಕರೆದ ದಿನ ಎರಡು ಬಸ್ಸು ಬದಲಿಸಿ ಕಚೇರಿಗೆ ಹೋದೆ. ಚೀಲದಲ್ಲಿ ಹತ್ತು ರೊಟ್ಟಿ, ಒಂದು ಬಾಟಲಿ ನೀರು, ಒಂದು ಬಿಳಿ ಪಂಚೆಯ ತುಂಡು. ಬೆಂಚಿನ ಮೇಲೆ ಕಾಯುತ್ತ ಕುಳಿತಾಗ ಶಾಲೆಯ ನೆನಪಾಯಿತು. ಎಲ್ಲೋ ಸಮುದ್ರದಾಚೆ ಕುಳಿತವರು ನಮ್ಮ ಉಪ್ಪಿಗೆ ಸುಂಕ ಹಾಕಿದ್ದರ ಬಗ್ಗೆ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದು ಮೇಷ್ಟ್ರ ಹತ್ತಿರ ಶಾಭಾಸ್ ಅನ್ನಿಸಿಕೊಂಡಿದ್ದೆ. ಅದೆಲ್ಲ ಮುಗಿದ ಕಥೆ ಎಂದು ನಂಬಿದ್ದೆ. ಈಗಿನವರು ದೆಹಲಿಯಲ್ಲಿ ಕೂತಿದ್ದಾರೆ, ನಾವೇ ಓಟು ಹಾಕಿದ್ದೇವೆ, ಅಷ್ಟೇ ವ್ಯತ್ಯಾಸ. ತೆರಿಗೆ ಕಟ್ಟುವುದಕ್ಕೆ ನನಗೆ ಬೇಸರವಿಲ್ಲ, ಕಟ್ಟುತ್ತಲೇ ಇದ್ದೇನೆ. ಆದರೆ ನನ್ನ ಅಡುಗೆಮನೆಗೆ ಎಂದೂ ಕಾಲಿಡದವರು ನನ್ನ ರೊಟ್ಟಿಗೆ ಇನ್ನೊಂದು ಹೆಸರಿಡುತ್ತಾರೆಂದರೆ ಅದನ್ನು ಹೇಗೆ ಸಹಿಸುವುದು?

ಅಧಿಕಾರಿ ಉತ್ತರದ ಕಡೆಯವರು, ಸಣ್ಣ ವಯಸ್ಸು, ಮಾತು ಮೆತ್ತಗೆ. ಅವರ ಹಿಂದಿಯನ್ನು ಪಕ್ಕದಲ್ಲಿದ್ದ ಗುಮಾಸ್ತರು ಕನ್ನಡಕ್ಕೆ ತರುತ್ತಿದ್ದರು.

"ರೊಟ್ಟಿ ಅಂದ್ರೆ ಮೆತ್ತಗಿರಬೇಕು, ಮಡಚೋಕೆ ಬರಬೇಕು ಅಂತಾರೆ ಮೇಡಂ. ಕವರ್ ಮೇಲೆ ನೀವೇ ಕ್ರಿಸ್ಪಿ ಅಂತ ಹಾಕಿದೀರಲ್ಲ?" ಎಂದ ಗುಮಾಸ್ತರು, ತಮ್ಮದೂ ಒಂದು ಇರಲಿ ಎಂಬಂತೆ, "ನಮ್ ಮಂಡ್ಯದ ಕಡೇನೂ ರೊಟ್ಟಿ ಅಂದ್ರೆ ಅಕ್ಕಿ ರೊಟ್ಟೀನೇ. ಇದು ಹಪ್ಪಳದ್ ಥರ ಇದೆ" ಎಂದರು.

"ಹಪ್ಪಳ ಹಚ್ಚಿಕೊಂಡು ಯಾರರ ಹೊಟ್ಟಿತುಂಬ ಊಟ ಮಾಡ್ತಾರೇನ್ರೀ?" ಎಂದೆ. ದನಿ ಏರಿತ್ತು. ಹೊರಗಿನ ಬೆಂಚಿನವರು ಇಣುಕಿದರು.

ಒಂದು ರೊಟ್ಟಿ ತೆಗೆದು ಮೇಜಿನ ಮೇಲಿಟ್ಟು ನೀರು ಚಿಮುಕಿಸಿ ಪಂಚೆಯಲ್ಲಿ ಸುತ್ತಿದೆ. ಹೊಲಕ್ಕೆ ಹೋಗುವಾಗ ನಮ್ಮವರು ಮಾಡುವುದು ಹೀಗೆಯೇ. ಐದು ನಿಮಿಷ ಬಿಟ್ಟು ಬಿಚ್ಚಿದಾಗ ರೊಟ್ಟಿ ಕರವಸ್ತ್ರದಷ್ಟು ಮೆತ್ತಗಾಗಿತ್ತು. "ಮಡಚಿ ನೋಡ್ರೀ ಸಾಹೇಬ್ರ" ಎಂದೆ. ಅಧಿಕಾರಿ ನಾಲ್ಕು ಮಡಿಕೆ ಮಡಚಿದರು, ಒಂದು ಚೂರು ಬಾಯಿಗೂ ಹಾಕಿಕೊಂಡರು, ನಕ್ಕು "ಬಹುತ್ ಬಡಿಯಾ" ಎಂದರು. ಉಳಿದ ಒಂಬತ್ತನ್ನೂ ಅಲ್ಲೇ ಬಿಟ್ಟು ಬಂದೆ. ಬಸ್ಸಿನಲ್ಲಿ ಗಂಡನಿಗೆ ಫೋನು ಮಾಡಿ ಗೆದ್ದೆ ಎಂದೆ. ನನ್ನ ಬುದ್ಧಿಗಿಷ್ಟು!

ಎರಡು ವಾರಕ್ಕೆ ಆದೇಶ ಬಂತು. ಮಾರುವ ಹೊತ್ತಿನಲ್ಲಿ ವಸ್ತು ಗರಿಗರಿಯಾಗಿಯೇ ಇರುತ್ತದೆ, ನೀರು ಹಾಕಿ ಮೆತ್ತಗೆ ಮಾಡಿಕೊಳ್ಳುವುದು ಕೊಂಡವನ ಮನೆಯ ವಿಚಾರ, ಕವರಿನ ಮೇಲೂ ರೊಟ್ಟಿ ಎಂಬ ಪದವಿಲ್ಲ, ಆದ್ದರಿಂದ ಕುರುಕಲು ತಿಂಡಿಯೇ ಸರಿ. ನಾಲ್ಕು ಮಡಿಕೆ ಮಡಚಿ ತಿಂದ ಕೈಯೇ ಕೆಳಗೆ ಸಹಿ ಹಾಕಿತ್ತು. ಅವರಿಗೆ ಹಿಡಿಶಾಪ ಹಾಕಿದೆ, ಆ ಪ್ರೆಸ್ಸಿನವನಿಗೂ ಹಾಕಿದೆ. ಮೇಲ್ಮನವಿ ಹಾಕಬಹುದು, ಆದರೆ ವರ್ಷಗಳೇ ಹಿಡಿಯುತ್ತವೆ ಎಂದರು ಆಡಿಟರು. ಗುತ್ತಿಗೆದಾರರು ಅಷ್ಟು ದಿನ ಕಾಯುವವರಲ್ಲ. ಸೋಮವಾರದಿಂದ ಕ್ಯಾಂಟೀನಿಗೆ ಮಿಷಿನ್ ಚಪಾತಿ ಎಂದು ಅವತ್ತೇ ಹೇಳಿಬಿಟ್ಟರು.

ಮೂವರು ಯಾರೆಂದು ನಾನೇ ಆರಿಸಬೇಕಿತ್ತು. ಮೊದಲ ಹೆಸರು ಎಲ್ಲರಿಗಿಂತ ಹಿರಿಯಳದು. ಕೀಲು ನೋವಿನಿಂದ ಅವಳ ಕೈ ಈಚೆಗೆ ನಿಧಾನವಾಗಿತ್ತು. ಏಳನೇ ವಯಸ್ಸಿನಿಂದ ರೊಟ್ಟಿ ಬಡಿದವಳು. ಅಂದು ಸಂಜೆ ಒಬ್ಬಳನ್ನೇ ಕೂರಿಸಿಕೊಂಡು, ಎಲ್ಲಿಂದ ಶುರು ಮಾಡುವುದೆಂದು ತಿಳಿಯದೆ, ಮೊದಲು ಆದೇಶದಲ್ಲಿ ಏನಿದೆಯೆಂದು ಹೇಳಿದೆ. ಅವಳು ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಪೂರ್ತಿ ಕೇಳಿದಳು.

"ಇದು ರೊಟ್ಟಿ ಅಲ್ಲಂದ್ರ, ನಮ್ಮವ್ವ ನಮಗ ಏನ್ ಉಣಿಸಿ ಬೆಳಸ್ಯಾಳ್ರೀ ಅಕ್ಕಾರ?" ಎಂದು ಕೇಳಿದಳು.

ಸೋಮವಾರದಿಂದ ಬರಬೇಡ ಎಂದು ಹೇಳುವುದು ಇನ್ನೂ ಉಳಿದಿತ್ತು.