ಪಕ್ಕದ ಸಾಣೆಯ ಅಕ್ಕ

ವಜ್ರಕ್ಕೆ ಮುಖ ಕೊಡುವ ನಮ್ಮ ಕಸುಬಿನಲ್ಲಿ ಹೆಸರು ಮಾಡಿದವರು ಅನೇಕರಿದ್ದಾರೆ. ಒರಟು ಕಲ್ಲನ್ನು ಕಂಡೊಡನೆ ಅದರೊಳಗಿನ ಹರಳು ಎಷ್ಟು ದೊಡ್ಡದೆಂದು ಹೇಳಬಲ್ಲವರಿದ್ದಾರೆ. ತೂಕವನ್ನು ಧೂಳಾಗಿ ಕಳೆಯದೆ ಕೆಲಸ ಮುಗಿಸುವ ಜಾಣರಿದ್ದಾರೆ. ಆದರೆ ಹರಳಿನ ಒಳಹೊಕ್ಕ ಬೆಳಕು ಒಂದಿಷ್ಟೂ ಸೋರದೆ ನೋಡುವವರ ಕಣ್ಣಿಗೇ ಹಿಂದಿರುಗಬೇಕು ಎಂಬ ಒಂದೇ ಹಟ ಹಿಡಿದು, ಆ ಹಟಕ್ಕಾಗಿ ಯಜಮಾನರ ಮುನಿಸನ್ನೂ ನಮ್ಮಂಥವರ ಗೊಣಗಾಟವನ್ನೂ ನಗುನಗುತ್ತಲೇ ಸಹಿಸಿ, ಮೂರು ದಶಕಗಳಿಗೂ ಮೀರಿ ಒಂದೇ ಸಾಣೆಯ ಮುಂದೆ ಕುಳಿತವರು ಯಾರೆಂದು ಕೇಳಿದರೆ, ನಮ್ಮ ಸಾಣೆಮನೆಯವರೆಲ್ಲ ಕಿಟಕಿಯ ಪಕ್ಕದ ಜಾಗಕ್ಕೆ ಕೈ ತೋರಿಸುತ್ತಾರೆ. ಅಲ್ಲಿ ಕುಳಿತವರನ್ನು ನಾವು ಅಕ್ಕ ಎನ್ನುತ್ತೇವೆ. ಅವರಿಗಿಂತ ಹಿರಿಯರೂ ಹಾಗೆಯೇ ಕರೆಯುತ್ತಿದ್ದರು.

ಅಕ್ಕನವರ ನಿವೃತ್ತಿಯ ಸಂದರ್ಭದಲ್ಲಿ ಹೊರಬರುತ್ತಿರುವ ಈ ಸಂಪುಟಕ್ಕೆ ನಾಲ್ಕು ಒಳ್ಳೆಯ ಮಾತು ಬರೆದುಕೊಡಬೇಕೆಂದು ಸಂಪಾದಕರು ಕೇಳಿದಾಗ ನಾನು ಒಪ್ಪಲಿಲ್ಲ. ಒಳ್ಳೆಯ ಮಾತಿನ ಅಭ್ಯಾಸ ನನಗಿಲ್ಲ. ಕೋಪ ನನ್ನ ಮೂಗಿನ ತುದಿಯಲ್ಲೇ ಇರುತ್ತದೆಂದು ಎಲ್ಲರಿಗೂ ಗೊತ್ತು. ಸಿಡುಕಪ್ಪ ಎಂದು ನನಗೆ ಹೆಸರಿಟ್ಟವರೇ ಅಕ್ಕ. ಆದರೂ ಅವರ ಪಕ್ಕದ ಸಾಣೆ ನನ್ನದಾದ್ದರಿಂದ ಬರೆಯಲೇಬೇಕೆಂದು ಸಂಪಾದಕರು ಬೆನ್ನುಬಿದ್ದರು. ಈಗ ಊಟದ ಬಿಡುವಿನಲ್ಲಿ, ಸಾಣೆಗಳೆಲ್ಲ ನಿಂತಿರುವ ಹೊತ್ತಿನಲ್ಲಿ, ಬರೆಯಲು ಕುಳಿತಿದ್ದೇನೆ.

ಕುಳಿತವನಿಗೆ ಸಮಾಧಾನವೂ ಇಲ್ಲ. ನನ್ನ ಮೇಜಿನ ಮೇಲೆ ಒಂದು ನೀಲಿ ಕಾಗದ, ಅದರ ಮೇಲೆ ಅಕ್ಕನ ಕೊನೆಯ ಹರಳು ಇದೆ. ಇವತ್ತು ಅವರ ಕೆಲಸದ ಕಡೆಯ ದಿನ. ಹರಳು ಸರಿಯಿಲ್ಲ. ಅದನ್ನು ಅವರಿಗೆ ಹೇಳಬೇಕೋ ಬೇಡವೋ ಎಂಬುದನ್ನು ಅವರು ಊಟ ಮುಗಿಸಿ ಬರುವುದರೊಳಗೆ ನಾನು ತೀರ್ಮಾನಿಸಬೇಕು.

ಇದನ್ನು ಹೊರಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕಾಗುತ್ತದೆ. ತನ್ನ ಹರಳಿಗೆ ತಾನೇ ಪೊಟ್ಟಣ ಕಟ್ಟುವಂತಿಲ್ಲ ಎಂಬುದು ನಮ್ಮ ಸಾಣೆಮನೆಯ ನೇಮ. ಕೆಲಸ ಮುಗಿದ ಹರಳನ್ನು ನೀಲಿ ಕಾಗದದ ಮೇಲಿಟ್ಟು ಪಕ್ಕದ ಸಾಣೆಯವರ ಮುಂದೆ ಸರಿಸುತ್ತೇವೆ. ಅವರು ಭೂತಗನ್ನಡಿಯಲ್ಲಿ ಎಲ್ಲ ಮುಖಗಳನ್ನೂ ನೋಡುತ್ತಾರೆ. ಸರಿಯಿದ್ದರೆ ಕಾಗದವನ್ನು ಮಡಿಸಿ ಪೊಟ್ಟಣ ಮಾಡಿ ಹಿಂದಕ್ಕೆ ಕೊಡುತ್ತಾರೆ. ಇಲ್ಲವಾದರೆ ಕಾಗದವನ್ನು ಬಿಚ್ಚಿದ ಹಾಗೆಯೇ ಹಿಂದಕ್ಕೆ ಸರಿಸುತ್ತಾರೆ. ಮಾತಿಲ್ಲ, ಕತೆಯಿಲ್ಲ. ಬಿಚ್ಚಿದ ಕಾಗದ ಬಂದರೆ ಮತ್ತೆ ಸಾಣೆಗೆ ಕೂರಬೇಕು. ಇಷ್ಟು ವರ್ಷ ಅಕ್ಕನ ಹರಳುಗಳನ್ನು ನಾನು, ನನ್ನವನ್ನು ಅವರು ನೋಡಿದ್ದೇವೆ. ನನಗೆ ಬಂದ ಬಿಚ್ಚಿದ ಕಾಗದಗಳನ್ನು ಒಂದರ ಪಕ್ಕ ಒಂದು ಹಾಸಿದರೆ ಈ ಕೋಣೆಯ ನೆಲ ಸಾಲದು. ಅವರಿಗೆ ನಾನು ಬಿಚ್ಚಿದ ಕಾಗದ ಸರಿಸಿದ ನೆನಪೇ ನನಗಿಲ್ಲ.

ಅವರು ಮೊದಲ ದಿನ ಬಂದಾಗ ನಾನು ಆಗಲೇ ಸಾಣೆಗೆ ಕುಳಿತು, ನಾನೇ ದೊಡ್ಡವನೆಂಬ ಠೀವಿಯಲ್ಲಿದ್ದೆ. ಅವರನ್ನು ಕಂಡು ನನಗೆ ಇಷ್ಟವಾಗಲಿಲ್ಲ. ಆಗ ನನಗೆ ಯಾರೂ ಇಷ್ಟವಾಗುತ್ತಿರಲಿಲ್ಲ. ಅವರ ತಂದೆ ತಂತಿವಾದ್ಯಗಳನ್ನು ರಿಪೇರಿ ಮಾಡುತ್ತಿದ್ದವರು. ತಂದೆಯ ಅಂಗಡಿಯಲ್ಲಿ ಬೆಳೆದ ಕಿವಿ ಅಕ್ಕನದು. ವಜ್ರದ ಮೈಯಲ್ಲಿ ಎಳೆ ಇರುತ್ತದೆ. ಎಳೆಗೆ ಅನುಗುಣವಾಗಿ ಹಿಡಿದರೆ ತಿರುಗುವ ಕಬ್ಬಿಣದ ತಟ್ಟೆ, ಅದರ ಮೇಲಿನ ಎಣ್ಣೆ, ವಜ್ರದ ಪುಡಿ, ಎಲ್ಲವೂ ಸೇರಿ ಕಲ್ಲನ್ನು ಸವೆಸುತ್ತವೆ. ಎದುರಾಗಿ ಹಿಡಿದರೆ ದಿನವಿಡೀ ಒತ್ತಿದರೂ ಕಲ್ಲು ಜಪ್ಪಯ್ಯ ಎನ್ನುವುದಿಲ್ಲ. ನಾವೆಲ್ಲ ಆ ಎಳೆಯನ್ನು ಕಣ್ಣಿನಿಂದ ಹುಡುಕುತ್ತಿದ್ದೆವು. ಅಕ್ಕ ಕಲ್ಲನ್ನು ಕಚ್ಚಿಸಿದ ಹಿಡಿಕೆಯ ಮೇಲೆ ಬೆರಳಿಟ್ಟು ತಲೆ ಓರೆ ಮಾಡಿ ಆಲಿಸುತ್ತಿದ್ದರು. ಕಿರುಚಿದರೆ ತಿರುಗಿಸು, ಗುನುಗಿದರೆ ಒತ್ತು. ಅಷ್ಟೇ ಅವರ ಪಾಠ. ನನಗೂ ಅದನ್ನೇ ಕಲಿಸಿದರು, ಕಲಿಸಿ ಎಂದು ನಾನು ಕೇಳದಿದ್ದರೂ.

ಹೊಸಬರಿಗೆ ಅವರು ಆಲೂಗಡ್ಡೆಯಲ್ಲಿ ಮುಖ ಕತ್ತರಿಸುವುದನ್ನು ಕಲಿಸುತ್ತಿದ್ದರು. ಮೇಲೊಂದು ಅಗಲ ಮುಖ, ಸುತ್ತ ಸಣ್ಣ ಮುಖಗಳು, ಸೊಂಟದ ಕೆಳಗೆ ತುದಿಯತ್ತ ಇಳಿಯುವ ಓರೆ ಮುಖಗಳು. ಪಾಠ ಮುಗಿದ ಆಲೂಗಡ್ಡೆಗಳೆಲ್ಲ ಅವರ ಮನೆಯ ಅಡುಗೆಗೆ ಹೋಗುತ್ತಿದ್ದವು. ಆಲೂಗಡ್ಡೆ ಹುಟ್ಟುವುದೇ ಮೂಲೆಮೂಲೆಯಾಗಿ ಎಂದು ಅವರ ಮಕ್ಕಳು ಬಹುಕಾಲ ನಂಬಿದ್ದರಂತೆ. ಬೆಳಕಿನ ವಿಷಯವನ್ನೂ ಅಕ್ಕ ಮನೆಮಾತಿನಲ್ಲೇ ಹೇಳುತ್ತಿದ್ದರು: ಬೆಳಕು ಮನೆಗೆ ಬಂದ ನೆಂಟ, ಮುಂಬಾಗಿಲಿಂದ ಬಂದವರನ್ನು ಮುಂಬಾಗಿಲಿಂದಲೇ ಕಳಿಸಬೇಕು, ಹಿತ್ತಲ ಬಾಗಿಲಿಂದ ದಾಟಿಸಿದರೆ ಮರ್ಯಾದೆಯೇ? ಕೆಳಗಿನ ಓರೆ ಮುಖಗಳು ಸರಿಯಾದ ಇಳಿಜಾರಿನಲ್ಲಿದ್ದರೆ ಮೇಲಿನಿಂದ ಬಂದ ಬೆಳಕು ಒಂದು ಗೋಡೆಗೆ ತಾಗಿ, ಎದುರು ಗೋಡೆಗೆ ಹಾರಿ, ಮತ್ತೆ ಮೇಲಕ್ಕೇ ಚಿಮ್ಮುತ್ತದೆ. ಇಳಿಜಾರು ಕಡಿಮೆಯಾದರೆ ಬೆಳಕು ತಳದಿಂದ ಸೋರುತ್ತದೆ. ಮೇಲಿನಿಂದ ನೋಡಿದವರಿಗೆ ಹರಳಿನೊಳಗೆ ಕಾಗದದ ನೀಲಿ ಕಾಣುತ್ತದೆ. ಹೆಚ್ಚಾದರೆ ನಡುವೆ ಬಾವಿಯಂತೆ ಕತ್ತಲು.

ಅವರ ಉಪಕಾರಗಳನ್ನು ಎಣಿಸುತ್ತ ಕೂತರೆ ಬಿಡುವು ಮುಗಿಯುತ್ತದೆ. ನನ್ನ ಹೆಂಡತಿ ಆಸ್ಪತ್ರೆಯಲ್ಲಿದ್ದಾಗ ಬೆಳಗಿನ ಪಾಳಿಯಲ್ಲಿ ಅವಳ ಬಳಿ ಕೂರುತ್ತಿದ್ದವರು ಅಕ್ಕ. ನಾನು ಬಂದರೆ ಅವಳಿಗೆ ರಕ್ತದ ಒತ್ತಡ ಏರುತ್ತದೆಂದು ನರ್ಸಮ್ಮನೇ ಹೇಳಿದ್ದಳು ಎಂದು ಅಕ್ಕ ಇಂದಿಗೂ ಹೇಳುತ್ತಾರೆ. ಅದು ಸುಳ್ಳೆಂದು ನನ್ನ ಅನುಮಾನ. ಒಮ್ಮೆ ನಾನು ಯಜಮಾನರೊಡನೆ ಜಗಳ ಮಾಡಿ, ಮೈಮೇಲಿನ ಏಪ್ರನ್ ಬಿಸಾಡಿ, ಇನ್ನು ಈ ಹೊಸ್ತಿಲು ತುಳಿಯುವುದಿಲ್ಲ ಎಂದು ಹೊರಟಿದ್ದೆ. ಮರುದಿನ ತಲೆ ತಗ್ಗಿಸಿಕೊಂಡು ಬಂದಾಗ ಏಪ್ರನ್ ಒಗೆತವಾಗಿ, ಇಸ್ತ್ರಿಯಾಗಿ, ನನ್ನ ಮೊಳೆಗೇ ತೂಗುತ್ತಿತ್ತು. ಯಾರೂ ಒಂದು ಮಾತು ಆಡಲಿಲ್ಲ. ಆಡದಂತೆ ಅಕ್ಕ ಮೊದಲೇ ಎಲ್ಲರಿಗೂ ಹೇಳಿದ್ದರೆಂದು ಬಹಳ ದಿನಗಳ ಮೇಲೆ ತಿಳಿಯಿತು.

ಇಂಥ ಮೃದು ಹೃದಯದವರು ಹರಳಿನ ವಿಷಯದಲ್ಲಿ ಮಾತ್ರ ಯಾರ ದಾಕ್ಷಿಣ್ಯಕ್ಕೂ ಬೀಳುತ್ತಿರಲಿಲ್ಲ. ಅದಕ್ಕೆ ಸಾಕ್ಷಿಯಾಗಿ ಒಂದೇ ಒಂದು ಪ್ರಸಂಗ ಹೇಳುತ್ತೇನೆ. ನಮ್ಮ ಹಿರಿಯ ಯಜಮಾನರು, ಈಗ ಇಲ್ಲ, ಸ್ವತಃ ಒಳ್ಳೆಯ ಕೆಲಸಗಾರರು. ಅಕ್ಕನಿಗೆ ಸಾಣೆ ಹಿಡಿಯಲು ಕಲಿಸಿದವರೇ ಅವರು. ಜೀವನವಿಡೀ ಬೇರೆಯವರ ಉಂಗುರಗಳಿಗೆ ಹರಳು ಮಾಡಿದವರು ತಮ್ಮ ಮಡದಿಗೆಂದು ಒಂದನ್ನೂ ಮಾಡಿರಲಿಲ್ಲ. ವಯಸ್ಸಾದ ಮೇಲೆ ಒಂದು ಕಲ್ಲು ಆರಿಸಿ, ಮಹಡಿಯಿಂದ ಕೆಳಗಿಳಿದು, ನಮ್ಮ ನಡುವೆ ಕುಳಿತು ತಾವೇ ಮುಖ ಕೊಟ್ಟರು. ಮುಗಿದ ಮೇಲೆ ನೇಮದಂತೆ ಅಕ್ಕನ ಮುಂದೆ ಸರಿಸಿದರು. ಕಲ್ಲಿನ ತೂಕ ಉಳಿಸುವ ಆಸೆಯಲ್ಲಿ ತಳವನ್ನು ಆಳ ಬಿಟ್ಟಿದ್ದರು, ನಡುವೆ ಬಾವಿ. ಅಕ್ಕನ ಯಜಮಾನರಿಗೆ, ಅಂದರೆ ಅವರ ಪತಿಗೆ, ಆಗ ಕೆಲಸ ಹೋಗಿತ್ತು. ಮನೆ ನಡೆಯುತ್ತಿದ್ದುದು ಇವರ ದುಡಿಮೆಯಿಂದಲೇ. ಮಡಿಸಿ ಕೊಟ್ಟುಬಿಡಿ ಎಂದು ನಾನು ಕಣ್ಣಿನಲ್ಲೇ ಬೇಡಿಕೊಂಡೆ. ಅಕ್ಕ ಕಾಗದವನ್ನು ಬಿಚ್ಚಿದ ಹಾಗೆಯೇ ಹಿಂದಕ್ಕೆ ಸರಿಸಿದರು.

ಯಜಮಾನರ ಮುಖ ಕೆಂಪಾಯಿತು. ಎಲ್ಲರೆದುರು ತಾವೇ ಪೊಟ್ಟಣ ಕಟ್ಟಿಕೊಂಡು ಮಹಡಿ ಹತ್ತಿದರು. ಅಕ್ಕನ ಕೆಲಸ ಹೋಯಿತೆಂದೇ ನಾವು ತಿಳಿದೆವು. ಸಂಜೆಯ ಹೊತ್ತಿಗೆ ಅವರು ಇಳಿದು ಬಂದು ಪೊಟ್ಟಣವನ್ನು ಅಕ್ಕನ ಮೇಜಿನ ಮೇಲೆ ಬಿಚ್ಚಿ, ನೀನೇ ಸರಿಮಾಡಿಬಿಡು ಎಂದರು. ಅಕ್ಕ ಎದ್ದು ನಿಂತು ತಮ್ಮ ಸ್ಟೂಲನ್ನು ಅವರತ್ತ ತಳ್ಳಿದರು.

“ನೀವೇ ಮಾಡ್ಬೇಕು ಯಜಮಾನ್ರೇ. ನಿಮ್ಮ ಕೈಯಿಂದ್ಲೇ ಅಂತ ಅಮ್ಮಾವ್ರಿಗೆ ಹೇಳಿದ್ದೀರಲ್ಲ.”

ಅವರು ಕುಳಿತು ಮತ್ತೆ ಮಾಡಿದರು. ಹರಳು ಸಣ್ಣದಾಯಿತು, ಆದರೆ ಬಾವಿ ಮುಚ್ಚಿ ಅಲ್ಲಿ ಬೆಳಕು ಬಂತು. ಅಕ್ಕ ಪೊಟ್ಟಣ ಕಟ್ಟಿ ಎರಡೂ ಕೈಯಲ್ಲಿ ಕೊಟ್ಟರು. ಅಮ್ಮಾವರು ಆ ಉಂಗುರವನ್ನು ಕೊನೆಯವರೆಗೂ ಬೆರಳಿನಿಂದ ತೆಗೆಯಲಿಲ್ಲ.

ಈಗ ಇವತ್ತಿನ ಮಾತು. ಹಿರಿಯ ಯಜಮಾನರ ಮಗಳು, ಈಗಿನ ಯಜಮಾನಿ, ಅಕ್ಕನಿಗೆ ಬೀಳ್ಕೊಡುಗೆಯಾಗಿ ಒಂದು ಕಲ್ಲನ್ನೇ ಕೊಟ್ಟು, ಇದಕ್ಕೆ ನೀವೇ ಮುಖ ಕೊಟ್ಟು ನೀವೇ ಇಟ್ಟುಕೊಳ್ಳಿ ಎಂದಿದ್ದಾರೆ. ಬೆಳಗ್ಗೆ ಅಕ್ಕ ಅದನ್ನು ನನ್ನ ಮುಂದೆ ಸರಿಸಿದರು. ತಳದ ಒಂದು ಮುಖ ಮಿಕ್ಕವುಗಳಿಗಿಂತ ಮಲಗಿದೆ. ಅಲ್ಲಿ ಬೆಳಕು ಸೋರಿ ಕಾಗದದ ನೀಲಿ ಕಾಣುತ್ತಿದೆ. ಹೊಸಬರೂ ಹಿಡಿಯಬಹುದಾದ ತಪ್ಪು. ಅಕ್ಕನ ಕೈಯಿಂದ ಇಂಥದ್ದು ಬಂದಿದೆಯೆಂದರೆ ಅವರಿಗೆ ಅದು ಕಂಡಿಲ್ಲ ಎಂದೇ ಅರ್ಥ. ಕಣ್ಣು ಸ್ವಲ್ಪ ಮಂಜು ಎಂದು ಈಚೆಗೆ ಒಂದೆರಡು ಸಲ ಅಂದಿದ್ದರು; ನಾನು ತಮಾಷೆ ಮಾಡಿದ್ದೆ. ಯಜಮಾನಿಗೆ ಹೇಳಿದೆ. ಅವರು ನನ್ನ ಕೈ ಹಿಡಿದು, ಮಡಿಸಿ ಕೊಟ್ಟುಬಿಡಿ, ಮಾರಾಟಕ್ಕೆ ಹೋಗುವುದಲ್ಲವಲ್ಲ, ಅವರ ಪೆಟ್ಟಿಗೆಯಲ್ಲೇ ಇರುತ್ತೆ, ಕೊನೆಯ ದಿನ ಅವರನ್ನು ನೋಯಿಸಬೇಡಿ ಎಂದು ಬೇಡಿಕೊಂಡರು. ಅವರು ಹೇಳಿದ್ದರಲ್ಲೂ ತಪ್ಪಿಲ್ಲ. ಮಡಿಸುವುದಕ್ಕೆ ಒಂದು ಗಳಿಗೆ ಸಾಕು. ಮೆಟ್ಟಿಲ ಮೇಲೆ ಅಕ್ಕನ ಚಪ್ಪಲಿಯ ಸದ್ದು ಕೇಳುತ್ತಿದೆ.

ಮೇಲಿನದನ್ನು ಬರೆದು ಕೆಲವು ದಿನಗಳಾದವು. ಮಿಕ್ಕದ್ದನ್ನು ಬರೆಯಬಹುದೇ ಎಂದು ಅಕ್ಕನನ್ನೇ ಕೇಳಿದೆ. ಬರಿ, ಆದರೆ ನನ್ನನ್ನು ದೇವತೆ ಮಾಡಬೇಡ, ನಿನ್ನ ಅಕ್ಷರದಲ್ಲಿ ಅದು ಶೋಭಿಸಲ್ಲ ಎಂದರು.

ನಾನು ಕಾಗದ ಮಡಿಸಲಿಲ್ಲ. ಬಿಚ್ಚಿದ ಹಾಗೆಯೇ ಅವರ ಮುಂದೆ ಸರಿಸಿದೆ. ಬಿಡುವು ಮುಗಿದು ಮತ್ತೆ ಶುರುವಾಗಿದ್ದ ಸಾಣೆಗಳು ಒಂದೊಂದಾಗಿ ನಿಂತವು. ಬಾಗಿಲಲ್ಲಿದ್ದ ಯಜಮಾನಿ ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದರು. ಅಕ್ಕ ಆ ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಭೂತಗನ್ನಡಿ ತೆಗೆದು ಹರಳನ್ನು ಹತ್ತಿರ ಹಿಡಿದು, ದೂರ ಹಿಡಿದು, ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದರು. ಕೊನೆಗೆ ನನಗಷ್ಟೇ ಕೇಳುವ ಹಾಗೆ ಹೇಳಿದರು.

“ನನಗೆ ಕಾಣಿಸ್ತಿಲ್ಲ ಕಣೋ. ಯಾವ ಮುಖ ಅಂತ ನೀನೇ ತೋರ್ಸು.”

ತೋರಿಸಿದೆ. ಅವರು ಸಾಣೆ ಚಾಲೂ ಮಾಡಿದರು. ಹಿಡಿಕೆಯ ಮೇಲೆ ಬೆರಳಿಟ್ಟು ಆಲಿಸುತ್ತ ಒತ್ತುವುದು, ತೆಗೆದು ನನ್ನ ಕೈಗೆ ಕೊಡುವುದು. ನಾನು ನೋಡಿ, ಇನ್ನೂ ಸ್ವಲ್ಪ ಎನ್ನುವುದು. ಕೇಳುವುದು ಅವರು, ನೋಡುವುದು ನಾನು. ನಡುವೆ ನಾನು ಸಿಡುಕಿದೆ, ಅವರು ನಕ್ಕರು. ಕಣ್ಣಿನ ಡಾಕ್ಟರು ಇನ್ನೇನೂ ಮಾಡುವಂತಿಲ್ಲ ಎಂದಿದ್ದಾರೆಂದು ಅಕ್ಕ ನನಗೆ ಮೊದಲ ಸಲ ಹೇಳಿದ್ದು ಆಗಲೇ; ಮನೆಯಲ್ಲಿ ಮಕ್ಕಳಿಗೂ ಹೇಳಿರಲಿಲ್ಲವಂತೆ. ನಾನು ಹರಳನ್ನು ಮರೆತು ಅವರ ಮುಖವನ್ನೇ ನೋಡುತ್ತಿದ್ದೆ. ಕೆಲಸ ನೋಡು ಎಂದು ಅವರೇ ಗದರಿದರು.

ಬಾಗಿಲು ಹಾಕುವ ಹೊತ್ತಿಗೆ ಹರಳನ್ನು ಒರೆಸಿ ಕಾಗದದ ಮೇಲಿಟ್ಟು ನೋಡಿದೆ. ಎಲ್ಲಿಂದ ನೋಡಿದರೂ ನೀಲಿ ಇಲ್ಲ. ನನ್ನ ಕಣ್ಣಿಗೆ ಬೆಳಕು ಹೊಡೆಯಿತು. ಮಡಿಸಿ ಪೊಟ್ಟಣ ಕಟ್ಟಿ ಅವರ ಅಂಗೈಯಲ್ಲಿಟ್ಟೆ. ಅಕ್ಕ ಬೆರಳು ಮುಚ್ಚಲಿಲ್ಲ.

“ನಿಜ ಹೇಳು. ಬೆಳಕು ಪೂರ್ತಿ ವಾಪಸ್ ಬರ್ತಿದೆಯಾ? ನನಗೆ ಬರೀ ಬೆಳ್ಳಗೆ ಕಾಣುತ್ತೆ, ಅಷ್ಟೇ.”

“ಪೂರ್ತಿ ಬರ್ತಿದೆ ಅಕ್ಕ.”

“ಹಾಗಾದ್ರೆ ಬರ್ತಿದೆ,” ಎಂದರು. “ಮಧ್ಯಾಹ್ನವೇ ನೀನು ಮಡಿಸಿ ಕೊಟ್ಟಿದ್ರೆ, ಇನ್ಮೇಲೆ ನಾನು ಯಾರನ್ನ ನಂಬಬೇಕಿತ್ತು?”

ಪೊಟ್ಟಣವನ್ನು ಬ್ಯಾಗಿನಲ್ಲಿಟ್ಟುಕೊಂಡು, ಎಲ್ಲರಿಗೂ ಬರ್ತೀನಿ ಎಂದು ಹೇಳಿ, ಮೆಟ್ಟಿಲ ಕಂಬಿ ಹಿಡಿದು ಇಳಿದು ಹೋದರು. ವಾರಕ್ಕೆ ಕೆಲವು ಬೆಳಗು ಬಂದು ಹೊಸಬರಿಗೆ ಕಲ್ಲಿನ ದನಿ ಕೇಳುವುದನ್ನು ಕಲಿಸಬೇಕೆಂದು ಯಜಮಾನಿ ಈಗ ಅವರನ್ನು ಒಪ್ಪಿಸಿದ್ದಾರೆ. ನನ್ನ ಜೊತೆ ಮಾತು ಬಿಟ್ಟಿದ್ದ ಯಜಮಾನಿ ನಿನ್ನೆಯಿಂದ ಮತ್ತೆ ಮಾತಾಡುತ್ತಿದ್ದಾರೆ.

ಅಕ್ಕನವರು ದೀರ್ಘಕಾಲ ಆರೋಗ್ಯದಿಂದ ಬಾಳಲಿ; ಅವರ ಕಿವಿ ಚುರುಕಾಗಿರಲಿ; ಅವರಿಂದ ಕಲಿತ ಕೈಗಳು ಈ ಕಸುಬಿಗೆ ಇನ್ನೂ ಬೆಳಕು ತರಲಿ. ಇನ್ನು ನನ್ನ ಹರಳುಗಳನ್ನು ಯಾರು ನೋಡುತ್ತಾರೋ ತಿಳಿಯದು. ಅವರ ಹರಳು ಹೇಗಿದೆಯೆಂದು ಅವರು ಕೇಳಿದಾಗಲೆಲ್ಲ ಹೋಗಿ, ಪೊಟ್ಟಣ ಬಿಚ್ಚಿ, ನೋಡಿ, ಕಂಡದ್ದನ್ನು ಕಂಡ ಹಾಗೆ ಹೇಳುವ ಕೆಲಸ ನನಗೆ ಬಹಳ ವರ್ಷ ಇರಲಿ.