ರತ್ನತ್ತೆ ಕೇಳಿದ ಸಾರು

ಚಳಿಗಾಲದ ಬೆಳಗ್ಗೆ ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ ಮೊದಲು ಮೂಗಿಗೆ ಬಡಿಯುವುದು ಗೋಣಿತಾಟಿನ ಮೇಲೆ ರಾಶಿ ಸುರಿದ ಅವರೆಕಾಯಿಯ ಸೊಗಡು. ಇಬ್ಬನಿ ಕುಡಿದ ಕಾಯಿಯ ಮೇಲೆ ಎಣ್ಣೆಯಂತೆ ಕೂರುವ ಆ ವಾಸನೆ ಒಮ್ಮೆ ಬೆರಳಿಗೆ ಹತ್ತಿತೆಂದರೆ ಸೀಗೆಪುಡಿ ಹಾಕಿ ಉಜ್ಜಿದರೂ ಸಂಜೆಯವರೆಗೆ ಬಿಡುವುದಿಲ್ಲ. ಜನ ಕಾಯಿಯನ್ನು ಮೂಸಿ ಮೂಸಿ ಆರಿಸಿಕೊಳ್ಳುತ್ತಾರೆ. ನಾನು ಸೆರಗು ಮೂಗಿಗೆ ಹಿಡಿದು ದಾಟಿಬಿಡುತ್ತೇನೆ. ಅವರೆ ಎಂದರೆ ಬಾಯಿ ಬಿಡುವ ಸೀಮೆಯಲ್ಲಿ ಹುಟ್ಟಿ ಇವಳಿಗೇನು ಬಂತು ಎಂದು ನೋಡಿದವರು ಅಂದುಕೊಂಡಿದ್ದಾರು.

ಶಿಡ್ಲಘಟ್ಟದಿಂದ ಎರಡು ಹರದಾರಿ ದೂರದ ಹಳ್ಳಿಯಲ್ಲಿ ನಮ್ಮ ಮನೆಯಿತ್ತು. ಅಪ್ಪ, ಅಮ್ಮ, ಅಪ್ಪನ ತಂಗಿ ರತ್ನತ್ತೆ, ನಾನು. ನಾಲ್ಕೇ ಜನ. ಆದರೆ ಆ ಮನೆ ನಮ್ಮದು ಅನ್ನುವುದಕ್ಕಿಂತ ರೇಷ್ಮೆಹುಳಗಳದು ಅನ್ನಬೇಕು. ನಡುಮನೆಯಲ್ಲಿ ಸೂರಿನವರೆಗೆ ಬಿದಿರಿನ ತಟ್ಟೆಗಳು. ಅವುಗಳ ಮಗ್ಗುಲಲ್ಲಿ ಉಳಿದ ಜಾಗದಲ್ಲಿ ನಾವು ಚಾಪೆ ಹಾಸಿಕೊಳ್ಳುತ್ತಿದ್ದೆವು. ಹುಳ ಮೇಯುವ ದಿನಗಳಲ್ಲಿ ಮನೆಯಲ್ಲಿ ಬೀಡಿ ಇಲ್ಲ, ಊದುಬತ್ತಿ ಇಲ್ಲ, ಮುಖ್ಯವಾಗಿ ಒಗ್ಗರಣೆ ಇಲ್ಲ. ಮೆಣಸಿನಕಾಯಿಯ ಘಾಟು ತಾಗಿದರೆ ಹುಳ ಮೇವು ಬಿಡುತ್ತವೆ ಎಂದು ಅಪ್ಪ ನಂಬಿದ್ದರು. ಹಿಂದಿನ ಸಲ ಬೆಳೆಯೆಲ್ಲ ಕಪ್ಪಾಗಿ ಸತ್ತು ಗುಂಡಿಗೆ ಹೋದಾಗ, ಯಾರೋ ಒಬ್ಬರು 'ನಿಮ್ಮನೇಲಿ ಏನೋ ಹುರಿದಿರಬೇಕು' ಅಂದಿದ್ದರು. ಆ ಮಾತು ಅಪ್ಪನ ಎದೆಯಲ್ಲಿ ಕೂತುಬಿಟ್ಟಿತ್ತು.

ಹಿತ್ತಲು ಮಾತ್ರ ರತ್ನತ್ತೆಯದು. ಗಂಡ ತೀರಿಕೊಂಡ ಮೇಲೆ ನಮ್ಮಲ್ಲಿಗೆ ಬಂದವಳು ಬಚ್ಚಲ ನೀರು ಹರಿಯುವ ಅಷ್ಟು ಜಾಗದಲ್ಲಿ ಬದನೆ, ಮೂಲಂಗಿ, ದಂಟು, ಬೇಲಿಯುದ್ದಕ್ಕೂ ಅವರೆ ಎಬ್ಬಿಸಿದ್ದಳು. ನಾನು ಏಳನೇ ಕ್ಲಾಸಿನಲ್ಲಿದ್ದ ವರ್ಷ ಅವಳ ಹೊಟ್ಟೆಯಲ್ಲಿ ಗಂಟು ಬೆಳೆಯಿತು. ಬೆಂಗಳೂರಿನ ಆಸ್ಪತ್ರೆಯವರು ಎರಡು ತಿಂಗಳು ಇಟ್ಟುಕೊಂಡು, 'ಮನೆಗೆ ಕರ್ಕೊಂಡ್ಹೋಗಿ, ಏನು ಕೇಳ್ತಾರೋ ಕೊಡಿ' ಎಂದು ಕಳಿಸಿದರು. ಬಂದವಳು ಏನನ್ನೂ ಕೇಳಲಿಲ್ಲ. ಒಂದು ಬೆಳಗ್ಗೆ ಕಂಬಳಿ ಹೊದ್ದು ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದವಳು, "ಅತ್ತಿಗೆ, ಹಿದುಕಿದ ಬೇಳೆ ಸಾರು ಮಾಡೇ. ಬೆಳ್ಳುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ ಚುರ್ ಅನ್ನಬೇಕು, ನೋಡು," ಅಂದಳು.

ಅಮ್ಮ ಅಪ್ಪನ ಮುಖ ನೋಡಿದಳು. ಹುಳ ಪೊರೆ ಬಿಡಲು ಮೇವು ನಿಲ್ಲಿಸಿ ಮಲಗುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಅವತ್ತಿಗೆ ನಮ್ಮ ಹುಳ ನಾಲ್ಕನೆಯ, ಕಡೆಯ ಜ್ವರ ಮುಗಿಸಿ ಎದ್ದಿದ್ದವು. ಇನ್ನು ಎಂಟು ದಿನ ತಿಂದರೆ ಹಣ್ಣಾಗಿ, ಚಂದ್ರಿಕೆ ಹತ್ತಿ ಗೂಡು ಕಟ್ಟುತ್ತಿದ್ದವು. "ಎಂಟೇ ದಿನ ಕಣಮ್ಮ ರತ್ನಾ. ಹುಳ ಚಂದ್ರಿಕೆ ಹತ್ತಲಿ, ಅವತ್ತೇ ಮಾಡಿಸ್ತೀನಿ," ಅಂದರು ಅಪ್ಪ.

"ಹುಳಕ್ಕೆ ನಾಲ್ಕು ಜ್ವರ ಬಂದ್ರೆ ಎಣಿಸ್ಕೊಂಡು ಕೂರ್ತೀಯ. ನನ್ನದು ಎಷ್ಟನೇದು ಅಂತ ಗೊತ್ತೇನಣ್ಣ?" ಎಂದು ರತ್ನತ್ತೆ ನಕ್ಕಳು. ಅಪ್ಪ ತಲೆ ತಗ್ಗಿಸಿದ್ದು ಕಂಡು ಅವಳೇ, "ಹೋಗ್ಲಿ ಬಿಡು. ಇರ್ತೀನಿ. ಎಂಟು ದಿನಕ್ಕೆ ನಾನೆಲ್ಲಿಗೆ ಹೋಗ್ಲಿ?" ಅಂದಳು.

ಆ ವರ್ಷ ಚಳಿ ಬಿಡಲಿಲ್ಲ. ಚಳಿಗೆ ಹುಳ ನಿಧಾನವಾಗಿ ಮೇಯುತ್ತವೆ. ಅಪ್ಪ ನಡುಮನೆಯಲ್ಲಿ ಇದ್ದಿಲು ಉರಿಸಿಟ್ಟರೂ ಎಂಟು ದಿನ ಹತ್ತಾಯಿತು, ಹನ್ನೊಂದಾಯಿತು. ನಾನು ದಿನಾ ಬಿಸಿಲು ಬೀಳುವ ಮೊದಲು ಲಂಗ ಒದ್ದೆ ಮಾಡಿಕೊಂಡು ಅವರೆಕಾಯಿ ಕೀಳುತ್ತಿದ್ದೆ. ಬೆರಳು ಮರಗಟ್ಟುತ್ತಿತ್ತು. ಮೆಟ್ಟಿಲ ಮೇಲಿಂದ ರತ್ನತ್ತೆ, "ಅದಲ್ಲ ಕಣೇ ಸರೋಜ, ಅದು ಬಲಿತೋಗೈತೆ, ಬೀಜಕ್ಕೆ ಬಿಡು. ಬೇಲಿ ಮೂಲೇದು ಮುಟ್ಟಬೇಡಮ್ಮ, ಅದು ನನ್ನ ಸಾರಿಗೆ," ಅನ್ನುತ್ತಿದ್ದಳು. ದಿನದಿನಕ್ಕೆ ಅವಳ ದನಿ ಸಣ್ಣಗಾಗಿ, ಕಡೆಗೆ ನಾನೇ ಒಂದೊಂದು ಕಾಯಿಯನ್ನೂ ಅವಳ ಹತ್ತಿರ ಒಯ್ದು ತೋರಿಸುವಂತಾಯಿತು. ಸಾರಿನ ಮಾತು ಮತ್ತೆ ಎತ್ತಲಿಲ್ಲ. "ಹಣ್ಣಾದ್ವಾ?" ಎಂದಷ್ಟೇ ಕೇಳುತ್ತಿದ್ದಳು. ಅಮ್ಮ ತಡೆಯಲಾರದೆ ಹಿತ್ತಲಲ್ಲೇ ಮೂರು ಕಲ್ಲಿಟ್ಟು ಮಾಡಿಬಿಡಲೇ ಎಂದಾಗ ಅಪ್ಪ, "ಗಾಳಿ ನಿನ್ನ ಕೇಳಿ ಬೀಸುತ್ತಾ?" ಎಂದು ಗದರಿದರು. ಅಕ್ಕಪಕ್ಕದ ಮನೆಗಳಲ್ಲೂ ಹುಳ, ಕೇಳುವಂತಿರಲಿಲ್ಲ. ಅಮ್ಮ ಬೇಳೆ ಬೇಯಿಸಿ ಉಪ್ಪು, ಕಾಯಿತುರಿ ಹಾಕಿ ಕೊಟ್ಟಳು. ರತ್ನತ್ತೆ ಒಂದು ತುತ್ತು ಬಾಯಿಗಿಟ್ಟು, "ಅತ್ತಿಗೆ, ಇದು ನನಗೆ ಮಾಡಿದ್ದೋ ಹುಳಕ್ಕೋ?" ಅಂದಳು. ಅಮ್ಮ ಬಟ್ಟಲು ಎತ್ತಿಕೊಂಡು ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ.

ಹನ್ನೆರಡನೆಯ ದಿನ ಹುಳ ಹಣ್ಣಾದವು. ಹಣ್ಣಾದ ಹುಳ ಕಾಯುವುದಿಲ್ಲ. ಮಧ್ಯಾಹ್ನದವರೆಗೆ ಮೂವರೂ ಒಂದೊಂದಾಗಿ ಆರಿಸಿ ಚಂದ್ರಿಕೆಯ ಬಿದಿರು ಸುರುಳಿಗೆ ಬಿಟ್ಟೆವು. ಆಮೇಲೆ ನಾನು ಬೇಲಿ ಮೂಲೆಯ ಕಾಯಿಯನ್ನೆಲ್ಲ ಕಿತ್ತು ತಂದೆ. ಸುಲಿದು, ನೆನೆಸಿ, ಕಾಳಿನ ಸಿಪ್ಪೆ ಹಿದುಕಿ ಮುಗಿಸುವಾಗ ದೀಪ ಹಚ್ಚುವ ಹೊತ್ತು. ಅಮ್ಮ ಎಣ್ಣೆಗೆ ಮೆಣಸಿನಕಾಯಿ ಮುರಿದು ಹಾಕಿದಳು. ತಿಂಗಳ ಮೇಲೆ ಎದ್ದ ಘಾಟಿಗೆ ನಾವು ಮೂವರೂ ಸೀನಿದೆವು. ರತ್ನತ್ತೆ ಸೀನಲಿಲ್ಲ. ಅಪ್ಪ ತಾವೇ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಚಮಚದಲ್ಲಿ ಸಾರು ಹಿಡಿದರು. ಅದು ಬಾಯಿಯ ಅಂಚಿನಿಂದ ಇಳಿದು ಕಂಬಳಿಗೆ ಹೋಯಿತು. "ರತ್ನಾ, ಒಗ್ಗರಣೆ ಹಾಕೈತಮ್ಮ, ರತ್ನಾ," ಎಂದು ಅಪ್ಪ ಹೇಳುತ್ತಲೇ ಇದ್ದರು. ಮಾರನೆಯ ಬೆಳಗ್ಗೆ ಅವಳು ಹೋದಳು. ಗೂಡು ಚೆನ್ನಾಗಿಯೇ ಬಂದವು. ಹಿತ್ತಲಿಗೆ ಆಮೇಲೆ ಯಾರೂ ಬೀಜ ಹಾಕಲಿಲ್ಲ.

ತೊಂಬತ್ತರ ದಶಕದಲ್ಲಿ ನನ್ನನ್ನು ಸಾದಲಿಗೆ ಕೊಟ್ಟರು. ಅಲ್ಲೂ ನಡುಮನೆಯ ತುಂಬ ಹುಳ. ನಾನು ಆ ಮನೆಗೆ ಕಾಲಿಟ್ಟ ವಾರದಲ್ಲೇ, ಕಡೆಯ ಜ್ವರ ಎದ್ದ ಹುಳ ಹೊಟ್ಟೆಬಾಕರಂತೆ ಮೇಯುತ್ತಿರುವಾಗ, ನಮ್ಮ ಅತ್ತೆಮ್ಮ ಕಾದ ಎಣ್ಣೆಗೆ ಮೆಣಸಿನಕಾಯಿ, ಇಂಗು ಹಾಕಿ ಚಟಚಟ ಅನ್ನಿಸಿದರು. ನಾನು ಕೈಲಿದ್ದ ಸೊಪ್ಪು ಬಿಟ್ಟು ತಟ್ಟೆಗಳ ಹತ್ತಿರ ಓಡಿದೆ. "ಏಮಾಯ್ತಮ್ಮಾ? ನಮ್ಮತ್ತೆ ಕಾಲದಿಂದ್ಲೂ ಹಾಕ್ತಾ ಇದೀವಿ, ಹುಳಕ್ಕೇನೂ ಆಗಲ್ಲ," ಎಂದು ಅವರು ತೆಲುಗಿನ ರಾಗದಲ್ಲಿ ನಕ್ಕರು. ಹುಳಗಳು ಎಲೆ ಬಿಟ್ಟು ತಲೆಯನ್ನೂ ಎತ್ತಿರಲಿಲ್ಲ.

ಮೊದಲ ಸಲ ಅಪ್ಪ ನನ್ನನ್ನು ನೋಡಲು ಬಂದಾಗಲೂ ಹುಳ ಇದ್ದವು. "ಇವತ್ತೊಂದಿನ ಒಗ್ಗರಣೆ ಬೇಡ ಅತ್ತೆಮ್ಮ," ಅಂದೆ. ಅವರು ನನ್ನ ಮುಖ ನೋಡಿ ಒಗ್ಗರಣೆ ಸೌಟನ್ನು ಬದಿಗಿಟ್ಟರು. ಅಪ್ಪ ಎಲೆಯ ಮುಂದೆ ಕೂತು ಮೊದಲ ತುತ್ತು ಕಲಸಿ, ಹಾಗೆಯೇ ಕೈಯಲ್ಲಿ ಹಿಡಿದು, ಮೆಲ್ಲಗೆ ಕೇಳಿದರು: "ಇಲ್ಲೂ ಹುಳ ಇರೋವಾಗ ಒಗ್ಗರಣೆ ಹಾಕಲ್ವೇನಮ್ಮ?"

"ಎಲ್ಲಾದ್ರೂ ಹಾಕ್ತಾರಾ ಅಪ್ಪ? ಹುಳ ಉಳೀತಾವಾ?" ಅಂದೆ.

"ಅದೇ ಮತ್ತೆ," ಅಂದರು ಅಪ್ಪ. ಆ ಸಪ್ಪೆ ಸಾರನ್ನು ಎರಡು ಸಲ ಹಾಕಿಸಿಕೊಂಡು ಉಂಡರು.