ಅಂಟಿಸಿದ ಕೊನೆಯ ಹಾಳೆಗಳು

ಮೊನ್ನೆ ನೀವು ಶಾಲೆಯ ನಕಾಶೆ ಅಂಟಿಸಲೆಂದು ಮೈದಾ ಅಂಟು ಕಾಯಿಸಿದಿರಲ್ಲ, ಅದರ ವಾಸನೆ ಮೂಗಿಗೆ ಬಡಿದದ್ದೇ ನಾನು ಎದ್ದು ಹಿತ್ತಲಿಗೆ ಹೋದೆ. ಅಜ್ಜಿಗೆ ಹೊಗೆ ಆಗದು ಅಂದುಕೊಂಡಿರಿ. ಹೊಗೆಯಲ್ಲ... ಅದು ಪುಸ್ತಕದಕ್ಕನ ವಾಸನೆ.

ಎಪ್ಪತ್ತರ ದಶಕ. ತಾಳ್ಯದ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿ, ಹೊಳಲ್ಕೆರೆಗೆ ಸೊಸೆಯಾಗಿ ಬಂದಿದ್ದೆ. ನಮ್ಮ ಓಣಿಯ ತುದಿಯಲ್ಲಿ ಪುಸ್ತಕದಕ್ಕ ಕಾದಂಬರಿಗಳನ್ನು ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದರು. ಹರಿದ ಪುಸ್ತಕಗಳಿಗೆ ತಾವೇ ರಟ್ಟು ಕಟ್ಟುತ್ತಿದ್ದರು. ಒಳಕೋಣೆಯಲ್ಲಿ ಹೊಲಿಗೆಯಕ್ಕ ಇದ್ದರು. ಊಟಕ್ಕೆ ಕೂತಾಗಲೂ ಅವರ ಕೊರಳಲ್ಲಿ ಅಳತೆಯ ಟೇಪು ಇರುತ್ತಿತ್ತು. ಇಬ್ಬರಿಗೂ ಮದುವೆಯಾಗಿರಲಿಲ್ಲ. ಒಂದೇ ಒಲೆ, ಒಂದೇ ಬೀಗದ ಕೈ.

ನನಗೆ ಬಾಯಿ ಬಿಟ್ಟು ಕೇಳಲು ನಾಚಿಕೆ. ಅಕ್ಕನೇ ಆರಿಸಿ ಕೊಡುತ್ತಿದ್ದರು. ಒಮ್ಮೆ ಪತ್ತೇದಾರಿ, ಇನ್ನೊಮ್ಮೆ ದೆವ್ವದ ಕಥೆ, ಮತ್ತೊಮ್ಮೆ ರಾಜರಾಣಿಯರದು. ಮೂರು ತಿಂಗಳಾದ ಮೇಲೆ ನನಗೆ ಹೊಳೆಯಿತು. ಅವರು ಕೊಟ್ಟ ಎಲ್ಲದರಲ್ಲೂ ಎಲ್ಲೋ ಒಂದು ಮೂಲೆಯಲ್ಲಿ ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ಬಿಟ್ಟಿರಲಾರದೆ ಇರುತ್ತಿದ್ದರು. ಲಾಡ್ಜಿನ ಒಡತಿ ಮತ್ತು ಅವಳ ಗೆಳತಿ. ಸತ್ತ ಮೇಲೂ ಗೆಳತಿಯ ತಲೆ ಬಾಚಲು ಬರುವ ಹುಡುಗಿ. ರಾಣಿ ಮತ್ತು ಅವಳ ಕಾವಲಿನವಳು. ಅಂಥ ಪುಸ್ತಕಗಳ ಕೊನೆಯ ಹಾಳೆಗಳನ್ನು ಮಾತ್ರ ಅಕ್ಕ ಒಂದಕ್ಕೊಂದು ಅಂಟಿಸಿಬಿಟ್ಟಿರುತ್ತಿದ್ದರು.

"ಯಾಕಕ್ಕ ಹಿಂಗೆ?" ಎಂದು ಒಮ್ಮೆ ಧೈರ್ಯ ಮಾಡಿ ಕೇಳಿದೆ.

"ಮುಂದೆ ಓದಬ್ಯಾಡ ತಂಗಿ. ಒಬ್ಬಳನ್ನ ಬಾವಿಗೆ ಹಾಕ್ತಾರೆ, ಇಲ್ಲಾ ಮುದುಕನಿಗೆ ಕಟ್ತಾರೆ. ಬರೆದೋರಿಗೆ ಅಷ್ಟೇ ಧೈರ್ಯ ಇರೋದು."

ಒಳಗಿನಿಂದ ಹೊಲಿಗೆಯಕ್ಕ ಕೂಗಿದರು: "ಆ ಹುಡುಗಿ ತಲೆ ಕೆಡಿಸ್ಬ್ಯಾಡ್ವೇ, ಚಾ ಆರ್ತೈತೆ!"

ಬೇಸಿಗೆಯಲ್ಲಿ ನಮ್ಮ ಪಡಸಾಲೆಗೆ ಓಣಿಯ ಹೆಂಗಸರೆಲ್ಲ ಶಾವಿಗೆ ಹೊಸೆಯಲು ಸೇರುತ್ತಿದ್ದರು. ಅವರಲ್ಲಿ ಯಾರಿಗೂ ಅಕ್ಷರ ಬರುತ್ತಿರಲಿಲ್ಲ. ಓದುವ ಸೊಸೆ ಬಂದಳೆಂದು ಅತ್ತೆಗೆ ಜಂಬ. "ಕುಂತ್ಕಂಡು ಓದೇ, ಕೈ ಬೇಗ ಆಡ್ತಾವೆ" ಎಂದರು. ಅಂಥ ಒಂದು ದಿನ ನನ್ನ ಕೈಯಲ್ಲಿದ್ದದ್ದು ಅಕ್ಕ ಹೊಸದಾಗಿ ರಟ್ಟು ಕಟ್ಟಿ ಕೊಟ್ಟ ಸಂಸಾರದ ಕಥೆ. ಅದರಲ್ಲಿ ಹಾಳೆ ಅಂಟಿಸಿರಲಿಲ್ಲ. ಕೊನೆಯ ಪುಟ ಕಿತ್ತು, ಆ ಜಾಗದಲ್ಲಿ ನೀಲಿ ಶಾಯಿಯಲ್ಲಿ ತಾವೇ ಬರೆದ ಒಂದು ಹಾಳೆ ಸೇರಿಸಿದ್ದರು. ನಾನೊಬ್ಬಳೇ ಓದಲೆಂದು.

ನಮ್ಮ ಮೇಷ್ಟ್ರು ಸಾಲಿನ ಕೆಳಗೆ ಬೆರಳಿಟ್ಟು ಓದಿಸುತ್ತಿದ್ದರು. ನಡುವೆ ನಿಲ್ಲಿಸಿದರೆ ಬೆರಳಿನ ಗೆಣ್ಣಿಗೆ ಏಟು. ಹಾಗೆ ಕಲಿತವಳು ನಾನು. ಅಚ್ಚು ಮುಗಿದು ಶಾಯಿ ಶುರುವಾದದ್ದು ಕಂಡಿತು. ಬಾಯಿ ಮಾತ್ರ ನಿಲ್ಲಲಿಲ್ಲ. ಕೊರಳಲ್ಲಿ ಟೇಪು ಹಾಕಿಕೊಂಡವಳು ಚಾ ಆರಿತೆಂದು ಕೂಗುತ್ತಾಳೆ, ರಟ್ಟು ಕಟ್ಟುವವಳು ಅಂಟಿನ ಕೈ ತೊಳೆದು ಒಳಗೆ ಹೋಗುತ್ತಾಳೆ, ಒಂದೇ ಕಂಬಳಿಯಡಿ ಇಬ್ಬರೂ ಮುದುಕಿಯರಾಗುತ್ತಾರೆ... ಪೂರ್ತಿ ಓದಿದೆ.

ಶಾವಿಗೆ ಹೊಸೆಯುವ ಕೈಗಳು ನಿಂತವು. ಎದುರು ಮನೆಯಾಕೆ ಮೊದಲು ನಕ್ಕಳು. "ಟೇಪು ಹಾಕ್ಕಂಡು ತಿರುಗೋಳು ಊರಾಗೆ ಒಬ್ಬಳೇ ಅಲ್ಲೇನ್ರೀ? ನನ್ನ ರವಿಕೆ ಅಳತೆ ತಗಳ್ಳೋವಾಗ ಕಚಗುಳಿ ಯಾಕಾತು ಅಂತ ಈಗ ತಿಳೀತು ನೋಡ್ರಿ!" ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಅತ್ತೆ ಮಾತ್ರ ನಗದೆ, ಪುಸ್ತಕ ಕಿತ್ತುಕೊಂಡು ಒಲೆಗೆ ಹಾಕಿದರು.

ಮಾತು ಹಿರಿಯೂರು ಕಡೆ ಇದ್ದ ಹೊಲಿಗೆಯಕ್ಕನ ಅಣ್ಣನಿಗೆ ಮುಟ್ಟಿತು. ಆತ ಬರುವ ಹಿಂದಿನ ದಿನ ಅಕ್ಕ ನಮ್ಮ ಹಿತ್ತಲ ಬಾಗಿಲಿಗೆ ಬಂದರು. ಚಪ್ಪಲಿ ಇರಲಿಲ್ಲ.

"ಪುಸ್ತಕ ಸುಟ್ಟೈತೆ. ಅದರಾಗೆ ಏನಿತ್ತು ಅಂತ ನೋಡಿದೋಳು ನೀನೊಬ್ಬಳೇ. ಅಚ್ಚಿನಾಗೇ ಹಂಗಿತ್ತು ಅಂದ್ಬಿಡು ತಂಗಿ. ಒಂದು ಮಾತು. ಅವಳಣ್ಣ ಅವಳನ್ನ ಕರ್ಕಂಡು ಹೋಗಲ್ಲ."

ನಾನು ಆಗಲೆಂದು ತಲೆಯಾಡಿಸಿದೆ.

ಮರುದಿನ ಆತ ನಮ್ಮ ಜಗುಲಿಯ ಮೇಲೆ ಕೂತು, ಮಜ್ಜಿಗೆ ಕುಡಿದು, ಮೆಲ್ಲಗೆ ಕೇಳಿದ: "ಹೆದರ್ಬ್ಯಾಡಮ್ಮ. ಅಚ್ಚಾಗಿದ್ದ ಕಥೆ ಅಂತಾಳೆ ಆ ಪುಸ್ತಕದೋಳು. ಅಚ್ಚೋ, ಕೈಬರಹವೋ?"

ಬಾಗಿಲ ಹಿಂದೆ ನಿಂತಿದ್ದೆ. ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು.

"ಕೈಬರಹ" ಎಂದೆ.

ಹೆದರಿ ಹೇಳಿದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಹೆದರಿಕೆ ಇತ್ತು, ಸುಳ್ಳಲ್ಲ. ಆದರೆ ಆ ಮನೆಯಲ್ಲಿ ಒಬ್ಬರ ಚಾ ಆರುತ್ತದೆಂದು ಇನ್ನೊಬ್ಬರು ಕೂಗುತ್ತಿದ್ದರು. ನನ್ನ ಚಾ ಬಗ್ಗೆ ಯಾರೂ ಕೇಳಿರಲಿಲ್ಲ... ಅದೂ ಇತ್ತು.

ಮಧ್ಯಾಹ್ನದ ಬಸ್ಸಿಗೆ ಹೊಲಿಗೆಯಕ್ಕನನ್ನು ರಟ್ಟೆ ಹಿಡಿದು ಹತ್ತಿಸಿದರು. ಟೇಪು ಕಿತ್ತು ಚರಂಡಿಗೆ ಎಸೆದಿದ್ದರು. ತಿಂಗಳೊಳಗೆ ಮೂರು ಮಕ್ಕಳ ತಂದೆಗೆ ಎರಡನೆಯ ಹೆಂಡತಿಯಾಗಿ ಕೊಟ್ಟರಂತೆ. ಅಕ್ಕ ಅಂಟಿಸಿ ಮುಚ್ಚಿಟ್ಟಿದ್ದ ಕೊನೆಯೇ ಬಂತು.

ಆಮೇಲೆ ಒಮ್ಮೆ ಅಂಗಡಿಗೆ ಹೋದೆ. ಅಕ್ಕ ಪುಸ್ತಕಗಳನ್ನು ಪೊಟ್ಟಣ ಕಟ್ಟುವವರಿಗೆ ತೂಕಕ್ಕೆ ಹಾಕುತ್ತಿದ್ದರು. ತಲೆ ಎತ್ತಲಿಲ್ಲ.

"ನಿನಗೆ ಕೊಡೋ ಪುಸ್ತಕ ಇಲ್ಲಿಲ್ಲ" ಎಂದರು.

ಅವರು ಊರು ಬಿಟ್ಟು ಎಲ್ಲಿಗೆ ಹೋದರೋ ನಾನು ಯಾರನ್ನೂ ಕೇಳಲಿಲ್ಲ. ಈಗ ಕೇಳೋಣವೆಂದರೆ ತಿಳಿದವರು ಉಳಿದಿಲ್ಲ.

ನಿಮ್ಮಲ್ಲಿ ದೊಡ್ಡವಳು ಹೋದ ವಾರ ನನ್ನ ಕೈಗೊಂದು ಕಾದಂಬರಿ ಇಟ್ಟು, "ಇಬ್ಬರು ಹುಡುಗೀರದು ಅಜ್ಜಿ, ಕೊನೇಗೆ ಯಾರೂ ಸಾಯಲ್ಲ" ಎಂದಳು. ಮೊದಲು ಕೊನೆಯ ಹಾಳೆಗಳನ್ನೇ ತಡವಿ ನೋಡಿದೆ. ಬಿಡಿಬಿಡಿಯಾಗಿದ್ದವು. ಅದರ ಹಿಂದಿನ ಖಾಲಿ ಪುಟದಲ್ಲಿ ಅಕ್ಕ ಬರೆದದ್ದನ್ನು ನೆನಪಿದ್ದಷ್ಟು ಬರೆದಿಟ್ಟಿದ್ದೇನೆ. ಒಂದೆರಡು ಸಾಲು ಮರೆತಿವೆ...

ಓದಿ. ಯಾರಾದರೂ ಬಂದು ಕೇಳಿದರೆ, ಅಚ್ಚಿನಲ್ಲೇ ಹಾಗಿತ್ತು ಎಂದು ಹೇಳಿ.